ಬಯಾಲಜಿ ಓದುವವರಿಗೆ ಕೆಮಿಸ್ಟ್ರಿ: ಎಲೆಕ್ಟ್ರಾನ್ ಯಾರ ಕಡೆ ಇದೆ ಎಂದು ಕೇಳಿ ಶುರು ಮಾಡಿ

ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಪ್ಲಸ್ ವನ್‌ಗೆ, ಅಂದರೆ ಹನ್ನೊಂದನೇ ಕ್ಲಾಸಿಗೆ, ಬಯಾಲಜಿ ತೆಗೆದುಕೊಂಡ ಮಕ್ಕಳು ಸಂಜೆ ಹೊತ್ತು ನನ್ನ ಹತ್ತಿರ ಪಾಠಕ್ಕೆ ಬರುತ್ತಾರೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವರು, ಕುಂಬಳೆ ಕಡೆಯವರು. ಎಲ್ಲರ ಮಾತೂ ಒಂದೇ. "ಟೀಚರ್, ಬಯಾಲಜಿ ಇಷ್ಟ, ಕೆಮಿಸ್ಟ್ರಿ ಮಾತ್ರ ತಲೆಗೆ ಹೋಗುವುದಿಲ್ಲ." ಕೆಮಿಸ್ಟ್ರಿ ಬಿಟ್ಟು ಬಯಾಲಜಿ ಓದಲು ಆಗುತ್ತದಾ ಎಂದು ಕೇಳುವವರೂ ಇದ್ದಾರೆ. ಆಗುವುದಿಲ್ಲ. ಆದರೆ ಬಯಾಲಜಿಗೆ ಬೇಕಾದ ಕೆಮಿಸ್ಟ್ರಿ ಜಾಸ್ತಿ ಇಲ್ಲ, ಅದನ್ನು ಕಲಿಯುವ ಕ್ರಮ ಬೇರೆ, ಅಷ್ಟೆ.

ಮೊದಲು ಭಾಷೆಯ ಮಾತು. ಜೂನ್ ತಿಂಗಳಲ್ಲಿ ಪುಸ್ತಕ ಇಂಗ್ಲಿಷಿಗೆ ಬದಲಾದ ಕೂಡಲೇ ನಮ್ಮ ಮಕ್ಕಳು ಕನ್ನಡದಲ್ಲಿ ಕಲಿತದ್ದನ್ನೆಲ್ಲ ಬದಿಗಿಟ್ಟು ಮೊದಲಿನಿಂದ ಬಾಯಿಪಾಠ ಶುರು ಮಾಡುತ್ತಾರೆ. ಹಾಗೆ ಮಾಡಬೇಡಿ. ಉತ್ಕರ್ಷಣ ಏನೆಂದು ನಿಮಗೆ ಗೊತ್ತು, ಆಕ್ಸಿಡೇಶನ್ ಅಂದರೆ ಅದೇ. ಕಿಣ್ವ ಗೊತ್ತು, ಎನ್‌ಜೈಮ್ ಅಂದರೆ ಅದೇ. ಒಂದು ಸಣ್ಣ ನೋಟ್ ಪುಸ್ತಕದಲ್ಲಿ ಎರಡು ಹೆಸರನ್ನೂ ಅಕ್ಕಪಕ್ಕ ಬರೆಯಿರಿ, ಎದುರಿಗೆ ಮನೆಯಲ್ಲಿ ಕಂಡ ಒಂದು ಉದಾಹರಣೆ ಬರೆಯಿರಿ. ಒಂದು ತಿಂಗಳಲ್ಲಿ ಐವತ್ತು ಅರವತ್ತು ಪದ ಆಗುತ್ತದೆ, ಪ್ಲಸ್ ವನ್ ಬಯಾಲಜಿಗೆ ಬೇಕಾದ ಕೆಮಿಸ್ಟ್ರಿ ಪದಗಳು ಹೆಚ್ಚುಕಡಿಮೆ ಅಷ್ಟೇ.

ಈಗ ವಿಷಯಕ್ಕೆ ಬರೋಣ. ಯಾವ ಅಣು ಕಂಡರೂ ಒಂದೇ ಪ್ರಶ್ನೆ ಕೇಳಿ: ಎಲೆಕ್ಟ್ರಾನ್ ಯಾರ ಕಡೆ ಇದೆ?

ಎರಡು ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಂಡರೆ ಬಂಧ. ಆದರೆ ಹಂಚಿಕೆ ಎಲ್ಲ ಸಲ ಸಮ ಇರುವುದಿಲ್ಲ. ಹಗ್ಗಜಗ್ಗಾಟದ ಹಾಗೆ ಒಬ್ಬ ಜೋರಾಗಿ ಎಳೆಯುತ್ತಾನೆ, ಇನ್ನೊಬ್ಬನಿಗೆ ಅಷ್ಟು ಬಲ ಇಲ್ಲ. ಈ ಎಳೆಯುವ ಬಲಕ್ಕೆ ಒಂದು ಅಂಕಿ ಇದೆ, ಎಲೆಕ್ಟ್ರೋನೆಗೆಟಿವಿಟಿ. ಪೂರ್ತಿ ಪಟ್ಟಿ ಬೇಡ, ನಾಲ್ಕು ನೆನಪಿಡಿ. ಆಕ್ಸಿಜನ್ 3.44, ನೈಟ್ರೋಜನ್ 3.04, ಕಾರ್ಬನ್ 2.55, ಹೈಡ್ರೋಜನ್ 2.20. ನಮ್ಮ ಮೈ ತೂಕದ ಸುಮಾರು 96 ಶೇಕಡ ಈ ನಾಲ್ಕೇ ಮೂಲವಸ್ತುಗಳು. ಕಾರ್ಬನ್ ಮತ್ತು ಹೈಡ್ರೋಜನ್ ನಡುವೆ ವ್ಯತ್ಯಾಸ 0.35 ಮಾತ್ರ, ಅಂದರೆ ಹಗ್ಗ ನಡುವಿನಲ್ಲೇ ನಿಂತಿದೆ. ಆಕ್ಸಿಜನ್ ಮತ್ತು ಹೈಡ್ರೋಜನ್ ನಡುವೆ 1.24. ಹಗ್ಗ ಆಕ್ಸಿಜನ್ ಕಡೆಗೆ ಜಾರಿದೆ. ಸೋಡಿಯಂ 0.93, ಕ್ಲೋರಿನ್ 3.16. ಅಲ್ಲಿ ಹಂಚಿಕೆಯೇ ಇಲ್ಲ, ಕ್ಲೋರಿನ್ ಎಲೆಕ್ಟ್ರಾನನ್ನು ಕಿತ್ತುಕೊಂಡಾಯಿತು, ಎರಡೂ ಚಾರ್ಜ್ ಹೊತ್ತ ಕಣಗಳು, ಅಂದರೆ ಅಯಾನುಗಳಾದವು, ಉಪ್ಪು ಆಯಿತು. ಸಮ ಹಂಚಿಕೆ, ಅಸಮ ಹಂಚಿಕೆ, ಕಿತ್ತುಕೊಳ್ಳುವುದು. ಬಂಧಗಳ ಅಧ್ಯಾಯವನ್ನು ಈ ಮೂರು ಮಾತಿನ ಮೇಲೆ ನಿಲ್ಲಿಸಬಹುದು.

ನೀರಿನ ಜೊತೆ ಸೇರುತ್ತದಾ, ಇಲ್ಲವಾ

ನೀರಿನ ಅಣುವಿನಲ್ಲಿ ಆಕ್ಸಿಜನ್ ಕಡೆ ಸ್ವಲ್ಪ ಮೈನಸ್, ಎರಡು ಹೈಡ್ರೋಜನ್ ಕಡೆ ಸ್ವಲ್ಪ ಪ್ಲಸ್. ಅಣು ನೆಟ್ಟಗಿಲ್ಲ, 104.5 ಡಿಗ್ರಿಯಲ್ಲಿ ಬಾಗಿದೆ. ಹಾಗಾಗಿ ಒಂದು ನೀರಿನ ಪ್ಲಸ್ ತುದಿ ಇನ್ನೊಂದು ನೀರಿನ ಮೈನಸ್ ತುದಿಯನ್ನು ಹಿಡಿದುಕೊಳ್ಳುತ್ತದೆ. ಇದೇ ಹೈಡ್ರೋಜನ್ ಬಾಂಡ್. ಅಣುವಿನ ಒಳಗಿನ ಬಂಧಕ್ಕೆ ಹೋಲಿಸಿದರೆ ಇದು ತುಂಬ ಸಡಿಲ, ಸುಮಾರು ಇಪ್ಪತ್ತರಲ್ಲಿ ಒಂದು ಪಾಲು ಬಲ. ಸಡಿಲ ಇರುವುದೇ ಜೀವಕ್ಕೆ ಅನುಕೂಲ. ಡಿಎನ್ಎಯ ಎರಡು ಎಳೆಗಳನ್ನು ಹಿಡಿದಿಡುವುದರಲ್ಲಿ ಇದರ ಕೈ ಇದೆ, ಎ ಮತ್ತು ಟಿ ನಡುವೆ 2, ಜಿ ಮತ್ತು ಸಿ ನಡುವೆ 3. ಎಳೆಗಳನ್ನು ಬಿಚ್ಚಬೇಕಾದಾಗ ಅಣು ಮುರಿಯದೆ ಬಿಚ್ಚಬಹುದು.

ಈಗ ಯಾವುದು ನೀರಿನಲ್ಲಿ ಕರಗುತ್ತದೆ? ನೀರಿನ ಕೈ ಹಿಡಿಯಬಲ್ಲದ್ದು. ಉಪ್ಪು ಅಯಾನು, ಹಿಡಿಯುತ್ತದೆ. ಸಕ್ಕರೆಯ ಮೈತುಂಬ ಓಎಚ್ (ಆಕ್ಸಿಜನ್-ಹೈಡ್ರೋಜನ್) ಗುಂಪುಗಳಿವೆ, ಹಿಡಿಯುತ್ತದೆ. ತೆಂಗಿನೆಣ್ಣೆ? ಅದರಲ್ಲಿ ಉದ್ದುದ್ದ ಕಾರ್ಬನ್-ಹೈಡ್ರೋಜನ್ ಬಾಲಗಳು, ಹಗ್ಗ ನಡುವಿನಲ್ಲೇ ಇದೆ, ಪ್ಲಸ್ ಮೈನಸ್ ಏನೂ ಇಲ್ಲ. ನೀರು ಅದನ್ನು ಬಿಟ್ಟು ತನ್ನವರ ಜೊತೆಗೇ ಸೇರುತ್ತದೆ. ಕೋಶದ ಪೊರೆ ಕೂಡ ಇದೇ ಲೆಕ್ಕ. ಅದರ ಅಣುಗಳ ತಲೆ ನೀರಿನ ಕಡೆ, ಬಾಲಗಳು ಒಳಗೆ.

ಈ ಒಂದು ವಿಷಯವನ್ನು ನಮ್ಮ ಜಿಲ್ಲೆಯ ಮಕ್ಕಳು ಚೆನ್ನಾಗಿ ತಿಳಿದುಕೊಳ್ಳಬೇಕು ಎಂದು ನನಗೆ ಬಹಳ ಅನಿಸುತ್ತದೆ. ಎಂಡೋಸಲ್ಫಾನ್ ಎಂಬ ಕೀಟನಾಶಕದ ಹೆಸರು ಕೇಳದ ಮನೆ ಕಾಸರಗೋಡಿನಲ್ಲಿ ಇಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಅದನ್ನು ಸಿಂಪಡಿಸಿದರು. ಎಣ್ಮಕಜೆಯ ಪಡ್ರೆ, ಸ್ವರ್ಗ ಕಡೆಯ ಮನೆಗಳಲ್ಲಿ ಜನರ ಆರೋಗ್ಯಕ್ಕೆ ಏನಾಯಿತು ಎಂದು ನಾನು ಹೇಳಬೇಕಾಗಿಲ್ಲ. ಅದರ ಅಣುವನ್ನು ಒಮ್ಮೆ ಬರೆದು ನೋಡಿ. ಕಾರ್ಬನ್ ಚೌಕಟ್ಟು, ಅದಕ್ಕೆ ಅಂಟಿಕೊಂಡ 6 ಕ್ಲೋರಿನ್, ನೀರಿನ ಕೈ ಹಿಡಿಯಲು ಒಂದು ಓಎಚ್ ಕೂಡ ಇಲ್ಲ. ಒಂದು ಲೀಟರ್ ನೀರಿನಲ್ಲಿ ಒಂದು ಮಿಲಿಗ್ರಾಂ ಕೂಡ ಕರಗುವುದಿಲ್ಲ. ನೀರಿಗೆ ಸೇರದ್ದು ಎಲ್ಲಿಗೆ ಹೋಗುತ್ತದೆ? ಕೊಬ್ಬಿಗೆ. ಮಣ್ಣಿನ ಕಣಕ್ಕೆ ಅಂಟುತ್ತದೆ, ಮಳೆಯ ಕೆಸರಿನ ಜೊತೆ ತೋಡಿಗೆ ಇಳಿಯುತ್ತದೆ, ಮೀನಿನ ಕೊಬ್ಬು, ಹಸುವಿನ ಹಾಲು ಹೀಗೆ ಸಾಗುತ್ತದೆ. ಕೋಶದ ಪೊರೆ ಎಣ್ಣೆಯದ್ದೇ ಆದ ಕಾರಣ ಅದನ್ನು ದಾಟುವುದು ಇದಕ್ಕೆ ಸುಲಭ. ಮಿದುಳಿಗೆ ಹೋದರೆ ಗಾಬಾ ಎಂಬ ಸಂದೇಶಕ ತೆರೆಯುವ ಕ್ಲೋರೈಡ್ ಬಾಗಿಲನ್ನು ತಡೆಯುತ್ತದೆ. ನರಗಳ ಓಟಕ್ಕೆ ಬ್ರೇಕ್ ಹಾಕುವ ಬಾಗಿಲು ಅದು. ಬ್ರೇಕ್ ಹೋದರೆ ಫಿಟ್ಸ್ ಬರುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲಿ ಇದನ್ನು ನಿಲ್ಲಿಸಿತು, ಅದೇ ವರ್ಷ ಬೇಗ ಕೊಳೆಯದ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಸೇರಿತು. "ನೀರಿನಲ್ಲಿ ಕರಗುವುದಿಲ್ಲ" ಎನ್ನುವುದು ಪರೀಕ್ಷೆಗೆ ಒಂದು ಮಾರ್ಕಿನ ಉತ್ತರ, ನಮ್ಮ ಊರಿಗೆ ಅದು ಅಷ್ಟೇ ಅಲ್ಲ.

ತೆಂಗಿನೆಣ್ಣೆಯ ಬಗ್ಗೆ ಇನ್ನೊಂದು ಮಾತು. ಧನು, ಮಕರ ತಿಂಗಳ ಚಳಿಯ ಬೆಳಗ್ಗೆ ಬಾಟ್ಲಿಯಲ್ಲಿ ತೆಂಗಿನೆಣ್ಣೆ ಗಟ್ಟಿಯಾಗುತ್ತದೆ, ಪಕ್ಕದಲ್ಲಿರುವ ಎಳ್ಳೆಣ್ಣೆ ಆಗುವುದಿಲ್ಲ. ತೆಂಗಿನೆಣ್ಣೆಯ ಬಾಲಗಳಲ್ಲಿ ಹೆಚ್ಚಿನವು ನೆಟ್ಟಗಿವೆ, ಸೌದೆ ಪೇರಿಸಿದ ಹಾಗೆ ಒತ್ತಾಗಿ ಕೂರುತ್ತವೆ, ಸುಮಾರು 24 ಡಿಗ್ರಿಗಿಂತ ಕೆಳಗೆ ಇಳಿದರೆ ಸಾಕು. ಎಳ್ಳೆಣ್ಣೆಯ ಬಾಲಗಳಲ್ಲಿ ಡಬಲ್ ಬಾಂಡ್ ಇದ್ದು ಅಲ್ಲಿ ಬಾಲ ಬಾಗಿದೆ, ಬಾಗಿದ ಕಟ್ಟಿಗೆ ಒತ್ತಾಗಿ ಕೂರುವುದಿಲ್ಲ ಅಲ್ವಾ. ಸ್ಯಾಚುರೇಟೆಡ್, ಅನ್‌ಸ್ಯಾಚುರೇಟೆಡ್ ಎಂದು ಪುಸ್ತಕ ಹೇಳುವುದು ಇದನ್ನೇ.

ಮೋಲ್ ಎಂದರೆ ಎಣಿಕೆ

ಮೋಲ್ ಕಂಡರೆ ಹೆದರುವವರೇ ಜಾಸ್ತಿ. ಬೀಡಿ ಕಟ್ಟುವ ಮನೆಯಲ್ಲಿ ಒಂದು ಕಟ್ಟು ಅಂದರೆ 25. ಒಂದು ಡಜನ್ ಬಾಳೆಹಣ್ಣು ಅಂದರೆ 12. ಒಂದು ಮೋಲ್ ಅಂದರೆ 6.022 × 10ರ 23ನೇ ಘಾತ. ಸಂಖ್ಯೆ ದೊಡ್ಡದು, ವಿಚಾರ ಅದೇ. ಒಂದು ಡಜನ್ ಕದಳಿಯ ತೂಕವೂ ಒಂದು ಡಜನ್ ನೇಂದ್ರದ ತೂಕವೂ ಬೇರೆ ಬೇರೆ, ಎಣಿಕೆ ಒಂದೇ. ಹಾಗೆಯೇ ಒಂದು ಮೋಲ್ ಗ್ಲೂಕೋಸ್ 180 ಗ್ರಾಂ, ಒಂದು ಮೋಲ್ ಉಪ್ಪು 58.5 ಗ್ರಾಂ.

ಬಯಾಲಜಿಗೆ ಇದು ಯಾಕೆ ಬೇಕು? ಆಸ್ಪತ್ರೆಯಲ್ಲಿ ಡ್ರಿಪ್ ಬಾಟ್ಲಿಯ ಮೇಲಿನ ಬರಹ ನೋಡಿ. ಉಪ್ಪಿನ ನೀರಿನದ್ದರಲ್ಲಿ 0.9 ಶೇಕಡ ಎಂದಿರುತ್ತದೆ. ಗ್ಲೂಕೋಸ್‌ನದ್ದರಲ್ಲಿ 5 ಶೇಕಡ. ಎರಡೂ ರಕ್ತಕ್ಕೆ ಸರಿಹೊಂದುತ್ತವೆ ಎಂದರೆ ಈ ಅಂಕಿಗಳು ಇಷ್ಟು ದೂರ ಯಾಕೆ? ಲೆಕ್ಕ ಮಾಡಿ. ಒಂದು ಲೀಟರಿನಲ್ಲಿ 50 ಗ್ರಾಂ ಗ್ಲೂಕೋಸ್, 180ರಿಂದ ಭಾಗಿಸಿದರೆ 0.278 ಮೋಲ್, ಅಂದರೆ 278 ಮಿಲಿಮೋಲ್. ಉಪ್ಪು 9 ಗ್ರಾಂ, 58.5ರಿಂದ ಭಾಗಿಸಿದರೆ 154 ಮಿಲಿಮೋಲ್. ಆದರೆ ಉಪ್ಪು ನೀರಿಗೆ ಬಿದ್ದ ಕೂಡಲೇ ಸೋಡಿಯಂ ಬೇರೆ, ಕ್ಲೋರೈಡ್ ಬೇರೆ, ಕಣಗಳು ಎರಡು ಪಟ್ಟು, 308. ರಕ್ತದಲ್ಲಿ ಇದು ಸುಮಾರು 290. ಎರಡೂ ಹತ್ತಿರ ಬಂದವು ನೋಡಿ! ಆಸ್ಮೋಸಿಸ್ ಅಂದರೆ ಪೊರೆ ದಾಟಿ ನೀರು ಕಣ ಜಾಸ್ತಿ ಇರುವ ಕಡೆಗೆ ಹೋಗುವುದು. ಅದರಲ್ಲಿ ನೀರು ಎತ್ತ ಹೋಗುತ್ತದೆ ಎನ್ನುವುದನ್ನು ತೀರ್ಮಾನಿಸುವುದು ಕಣಗಳ ಎಣಿಕೆ, ತೂಕ ಅಲ್ಲ. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿದ ಮಕ್ಕಳಿಗೆ ಆಮೇಲೆ ಮೋಲ್ ಕಷ್ಟ ಆದದ್ದನ್ನು ನಾನು ನೋಡಿಲ್ಲ.

ಒಆರ್‌ಎಸ್ ಪೊಟ್ಟಣವನ್ನೂ ತೆಗೆದುಕೊಳ್ಳಿ. ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಅಂದರೆ 75 ಮಿಲಿಮೋಲ್. ಅದರಲ್ಲಿರುವ ಎರಡು ಬಗೆಯ ಸೋಡಿಯಂ ಲವಣ ಸೇರಿಸಿದರೆ ಸೋಡಿಯಂ ಕೂಡ 75. ಸಮ ಸಮ ಇಟ್ಟದ್ದು ಸುಮ್ನೆ ಅಲ್ಲ. ಸಣ್ಣ ಕರುಳಿನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಒಂದೇ ಬಾಗಿಲಿನಿಂದ ಜೊತೆಯಾಗಿ ಒಳಗೆ ಹೋಗುತ್ತವೆ, ಅವುಗಳ ಹಿಂದೆಯೇ ನೀರು.

ಮನೆಯಲ್ಲಿ ಆಸ್ಮೋಸಿಸ್ ನೋಡಬೇಕಾದರೆ ಉಪ್ಪುಸೊಳೆ ಹಾಕುವ ದಿನ ಭರಣಿಯ ಹತ್ತಿರ ಇರಿ. ಹಲಸಿನ ಸೊಳೆಗೆ ಬರೀ ಉಪ್ಪು ಹಾಕಿದ್ದು, ನೀರು ಹಾಕಿಲ್ಲ. ಮರುದಿನ ನೋಡಿದರೆ ನೀರು ನಿಂತಿರುತ್ತದೆ. ಅದು ಸೊಳೆಯ ಕೋಶಗಳಿಂದಲೇ ಬಂದದ್ದು. ಅಷ್ಟು ಉಪ್ಪಿಗೆ ಬಿದ್ದ ಬ್ಯಾಕ್ಟೀರಿಯಾದ ಗತಿಯೂ ಅದೇ, ಹಾಗಾಗಿ ಮಳೆಗಾಲ ಪೂರ್ತಿ ಸೊಳೆ ಕೆಡುವುದಿಲ್ಲ.

ಆಮ್ಲ, ಪ್ರತ್ಯಾಮ್ಲ, ಪಿಎಚ್

ಆಮ್ಲ ಎಂದರೆ ಪ್ರೋಟಾನ್ ಬಿಟ್ಟುಕೊಡುವುದು. ಪ್ರತ್ಯಾಮ್ಲ ಎಂದರೆ ಅದನ್ನು ತೆಗೆದುಕೊಳ್ಳುವುದು. ಪ್ರೋಟಾನ್ ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್, ನೋಡಿ, ಇಲ್ಲೂ ಅದೇ ಪ್ರಶ್ನೆ. ಆಕ್ಸಿಜನ್ ಎಲೆಕ್ಟ್ರಾನನ್ನು ಪೂರ್ತಿ ತನ್ನ ಕಡೆ ಇಟ್ಟುಕೊಂಡರೆ ಹೈಡ್ರೋಜನ್ ಬರಿಗೈಯಲ್ಲಿ ಹೊರಟುಹೋಗುತ್ತದೆ.

ಆಮ್ಲ ಎಷ್ಟಿದೆ ಎಂದು ಹೇಳುವ ಪಿಎಚ್ ಅಳತೆಯನ್ನು 1909ರಲ್ಲಿ ತಂದವರು ಸೋರೆನ್ಸನ್. ಅವರು ಕೆಲಸ ಮಾಡುತ್ತಿದ್ದದ್ದು ಕೋಪನ್‌ಹೇಗನ್‌ನ ಒಂದು ಬಿಯರ್ ಕಂಪನಿ ಕಟ್ಟಿದ ಲ್ಯಾಬಿನಲ್ಲಿ, ಹುಡುಕುತ್ತಿದ್ದದ್ದು ಕಿಣ್ವಗಳ ವಿಚಾರ. ಅಂದರೆ ಪಿಎಚ್ ಹುಟ್ಟಿದ್ದೇ ಜೀವದ ಕೆಲಸಕ್ಕೆ. ಒಂದು ಮೆಟ್ಟಿಲು ಇಳಿದರೆ ಆಮ್ಲ ಹತ್ತು ಪಟ್ಟು. ಇದನ್ನು ಮರೆತರೆ ರಕ್ತದ ಪಿಎಚ್ ಅರ್ಥವಾಗುವುದಿಲ್ಲ. 7.4 ಇದ್ದದ್ದು 7.1 ಆದರೆ ಏನು ಮಹಾ ಎಂದು ಕಾಣುತ್ತದೆ, ಆದರೆ ಪ್ರೋಟಾನ್ ಎರಡು ಪಟ್ಟು ಆಗಿರುತ್ತದೆ, ಆ ವ್ಯಕ್ತಿಯ ಸ್ಥಿತಿ ಗಂಭೀರ.

ಹಾಗಾಗದಂತೆ ತಡೆಯುವುದು ಬಫರ್. ರಕ್ತದಲ್ಲಿ ಬೈಕಾರ್ಬೋನೇಟ್ ಇದೆ, ಪ್ರೋಟಾನ್ ಜಾಸ್ತಿಯಾದರೆ ಅದನ್ನು ಹಿಡಿದು ಕಾರ್ಬೋನಿಕ್ ಆಮ್ಲ ಆಗುತ್ತದೆ, ಅದು ಒಡೆದು ನೀರು ಮತ್ತು ಕಾರ್ಬನ್ ಡೈಆಕ್ಸೈಡ್, ಆ ಗಾಳಿಯನ್ನು ನಾವು ಉಸಿರಿನಲ್ಲಿ ಹೊರಗೆ ಬಿಡುತ್ತೇವೆ. ಓಡಿ ಬಂದಾಗ ಏದುಸಿರು ಬರುವುದು ಆಕ್ಸಿಜನ್ ಬೇಕು ಎಂದು ಮಾತ್ರ ಅಲ್ಲ, ಕಾರ್ಬನ್ ಡೈಆಕ್ಸೈಡ್ ಮತ್ತು ಆಮ್ಲವನ್ನು ಹೊರಹಾಕುವುದಕ್ಕೂ ಹೌದು.

ಪಿಎಚ್ ಕಣ್ಣಿಗೆ ಕಾಣಬೇಕಾದರೆ ಅಂಗಡಿಯಿಂದ ಏನೂ ತರಬೇಡಿ. ಆರತಿಯ ಕೆಂಪು ನೀರು ಮಾಡುವುದು ನೋಡಿದ್ದೀರಲ್ಲ, ಅರಿಶಿನಕ್ಕೆ ಸುಣ್ಣ ಬಿದ್ದ ಕೂಡಲೇ ಕೆಂಪು. ಅರಿಶಿನ ಒಂದು ಇಂಡಿಕೇಟರ್. ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿಗೆ ಹಾಕಿ ಆ ನೀರನ್ನು ಎರಡು ಲೋಟಕ್ಕೆ ಹಂಚಿ. ಒಂದಕ್ಕೆ ಲಿಂಬೆ ಹಿಂಡಿ, ಇನ್ನೊಂದಕ್ಕೆ ಸುಣ್ಣದ ತಿಳಿನೀರು ಹಾಕಿ. ಒಂದು ಕಡೆ ಗುಲಾಬಿ-ಕೆಂಪು, ಇನ್ನೊಂದು ಕಡೆ ಹಸಿರು. ಪ್ರೋಟಾನ್ ಹೋದಾಗ ಬಂದಾಗ ಬಣ್ಣದ ಅಣುವಿನ ಎಲೆಕ್ಟ್ರಾನ್‌ಗಳ ಜೋಡಣೆ ಬದಲಾಗುತ್ತದೆ, ಅದು ಹೀರುವ ಬೆಳಕೂ ಬದಲಾಗುತ್ತದೆ.

ಮೀನು ತೊಳೆಯುವಾಗ ಹುಣಸೆ ಹಾಕುತ್ತಾರಲ್ಲ, ಅದರಿಂದ ಅಮೈನೋ ಆಮ್ಲ ಕಲಿಯಬಹುದು. ಸಮುದ್ರದ ಮೀನಿನ ವಾಸನೆಗೆ ದೊಡ್ಡ ಕಾರಣ ಟ್ರೈಮಿಥೈಲ್ ಅಮೈನ್. ಅಮೈನ್ ಗುಂಪಿನ ನೈಟ್ರೋಜನ್ ಬಳಿ ಯಾರಿಗೂ ಕೊಡದ ಒಂದು ಜೋಡಿ ಎಲೆಕ್ಟ್ರಾನ್ ಇದೆ. ಹುಣಸೆಯ ಆಮ್ಲದಿಂದ ಪ್ರೋಟಾನ್ ಬಂದು ಆ ಜೋಡಿಗೆ ಅಂಟಿಕೊಳ್ಳುತ್ತದೆ, ಅಣು ಪ್ಲಸ್ ಆಗುತ್ತದೆ, ಪ್ಲಸ್ ಆದದ್ದು ನೀರನ್ನು ಬಿಟ್ಟು ಗಾಳಿಗೆ ಹೋಗುವುದಿಲ್ಲ, ವಾಸನೆ ನಿಂತಿತು. ಅಮೈನೋ ಆಮ್ಲದಲ್ಲೂ ಇದೇ ಅಮೈನ್ ಇದೆ, ಜೊತೆಗೆ ಇನ್ನೊಂದು ತುದಿಯಲ್ಲಿ ಕಾರ್ಬಾಕ್ಸಿಲ್. ನಮ್ಮ ರಕ್ತದ ಪಿಎಚ್‌ನಲ್ಲಿ ಒಂದು ತುದಿ ಪ್ಲಸ್, ಇನ್ನೊಂದು ಮೈನಸ್. ಜ್ವಿಟರ್ ಅಯಾನ್ ಎಂಬ ದೊಡ್ಡ ಹೆಸರಿನ ಹಿಂದೆ ಇರುವುದು ಇಷ್ಟೇ.

ಕತ್ತಿ ಅದ್ದಿ ನೋಡುವುದು

ಅಡಿಕೆ ತೋಟ ಇರುವ ಮನೆಯ ಮಕ್ಕಳಿಗೆ ರೆಡಾಕ್ಸ್ (ಎಲೆಕ್ಟ್ರಾನ್ ಕೊಡುವುದು, ತೆಗೆದುಕೊಳ್ಳುವುದು) ಕಲಿಸಲು ನಾನು ಬೇರೆ ಉದಾಹರಣೆ ಹುಡುಕುವುದಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುತ್ತಾರೆ, ಬೋರ್ಡೋ. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮದ್ದು ಸರಿಯಾಗಿದೆಯಾ ಎಂದು ನೋಡಲು ಹೊಳೆಯುವ ಕತ್ತಿಯನ್ನು ಅದರಲ್ಲಿ ಅದ್ದುತ್ತಾರೆ. ಕತ್ತಿಯ ಮೇಲೆ ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನೂ ಹಾಕಬೇಕು.

ಆ ಕೆಂಪು ಏನು? ತಾಮ್ರ. ಕಬ್ಬಿಣ ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟು ನೀರಿಗೆ ಇಳಿಯಿತು, ತಾಮ್ರದ ಅಯಾನು ಆ ಎರಡನ್ನು ತೆಗೆದುಕೊಂಡು ಲೋಹವಾಗಿ ಕತ್ತಿಗೆ ಅಂಟಿತು. ಬಿಟ್ಟುಕೊಟ್ಟದ್ದು ಉತ್ಕರ್ಷಣ, ತೆಗೆದುಕೊಂಡದ್ದು ಅಪಕರ್ಷಣ. ತೆಗೆದುಕೊಳ್ಳುವುದಕ್ಕೆ ಅಪಕರ್ಷಣ ಎಂದು ಯಾಕೆ ಹೆಸರು ಎಂದು ಮಕ್ಕಳು ಕೇಳುತ್ತಾರೆ. ಚಾರ್ಜ್ ನೋಡಿ, +2 ಇದ್ದದ್ದು 0ಗೆ ಇಳಿಯಿತು. ಹಾಗೆ ನೆನಪಿಡಿ. ಸುಣ್ಣ ಸಾಕಷ್ಟು ಇದ್ದರೆ ತಾಮ್ರ ನೀಲಿ ಗಸಿಯಾಗಿ ಕಟ್ಟಿಕೊಂಡಿರುತ್ತದೆ, ಬಿಡಿ ಅಯಾನು ಇರುವುದಿಲ್ಲ, ಕತ್ತಿಗೆ ಏನೂ ಹಿಡಿಯುವುದಿಲ್ಲ. ಬಿಡಿ ತಾಮ್ರ ಜಾಸ್ತಿ ಇದ್ದರೆ ಗಿಡದ ಎಲೆ, ಎಳೆ ಕಾಯಿ ಸುಟ್ಟುಹೋಗುತ್ತದೆ. ಗಸಿಯಿಂದ ನಿಧಾನವಾಗಿ ಬಿಡುಗಡೆಯಾದರೆ ರೋಗಾಣುವಿನ ಪ್ರೋಟೀನುಗಳಿಗೆ ಅಂಟಿ ಅವುಗಳನ್ನು ಕೆಡಿಸುತ್ತದೆ.

ಇಲ್ಲಿ ಮೋಲ್ ಲೆಕ್ಕವನ್ನೂ ಮಾಡಿ. ಮೈಲುತುತ್ತು ಮೋಲ್‌ಗೆ ಸುಮಾರು 250 ಗ್ರಾಂ, ಒಂದು ಕಿಲೋ ಅಂದರೆ 4 ಮೋಲ್. ನೀರು ಹಾಕಿದ ಸುಣ್ಣ 74 ಗ್ರಾಂ, ಒಂದು ಕಿಲೋ 13 ಮೋಲ್ ಮೇಲೆಯೇ. ಲೆಕ್ಕದ ಪ್ರಕಾರ ಸುಣ್ಣ ಧಾರಾಳ ಇದೆ, ಹಾಗಿದ್ದರೂ ಕೆಲವು ಸಲ ಕತ್ತಿ ಕೆಂಪಾಗುತ್ತದೆ. ಕಾರಣ ಹಳೆ ಸುಣ್ಣ. ತೆರೆದಿಟ್ಟ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಕ್ಯಾಲ್ಸಿಯಂ ಕಾರ್ಬೋನೇಟ್ ಆಗಿರುತ್ತದೆ, ಅದು ಈ ಕೆಲಸಕ್ಕೆ ಬರುವುದಿಲ್ಲ. ತೋಟದಲ್ಲಿ ಹಿರಿಯರು ಹೊಸ ಸುಣ್ಣವೇ ಬೇಕು ಎನ್ನುವುದು ಇದಕ್ಕೆ. ಮೈಲುತುತ್ತು ವಿಷ, ನೀವಾಗಿ ಕಲಸಲು ಹೋಗಬೇಡಿ, ಮದ್ದು ಬಿಡುವ ದಿನ ಹತ್ತಿರ ನಿಂತು ನೋಡಿದರೆ ಸಾಕು.

ಈ ಕತ್ತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಉಸಿರಾಟದ ಅಧ್ಯಾಯ ತೆರೆಯಿರಿ. ಗ್ಲೂಕೋಸ್‌ನ ಕಾರ್ಬನ್-ಹೈಡ್ರೋಜನ್ ಬಂಧಗಳಲ್ಲಿ ಎಲೆಕ್ಟ್ರಾನ್ ನಡುವಿನಲ್ಲಿ ಇತ್ತು. ಕೊನೆಗೆ ಸಿಗುವುದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರು, ಎರಡರಲ್ಲೂ ಎಲೆಕ್ಟ್ರಾನ್ ಆಕ್ಸಿಜನ್ ಕಡೆಗೆ ಹೋಗಿದೆ. ಗುಡ್ಡದ ಮೇಲಿನ ನೀರು ಇಳಿದು ಬಂದ ಹಾಗೆ. ಮೈಟೋಕಾಂಡ್ರಿಯ ಆ ನೀರನ್ನು ಒಮ್ಮೆಲೇ ಬೀಳಲು ಬಿಡದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಶಕ್ತಿ ಹಿಡಿಯುತ್ತದೆ. ದ್ಯುತಿಸಂಶ್ಲೇಷಣೆಯಲ್ಲಿ ಎಲೆ ಬಿಸಿಲಿನ ಬಲದಿಂದ ನೀರಿನ ಎಲೆಕ್ಟ್ರಾನನ್ನು ಮತ್ತೆ ಗುಡ್ಡಕ್ಕೆ ಹತ್ತಿಸುತ್ತದೆ. ಎರಡು ದೊಡ್ಡ ಅಧ್ಯಾಯ, ಒಂದೇ ಗುಡ್ಡ.

ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವಿನ ಬಗ್ಗೆ ಒಂದು ತಪ್ಪು ತಿದ್ದಿಕೊಳ್ಳಿ. "ಎಟಿಪಿಯ ಬಂಧ ಮುರಿದರೆ ಶಕ್ತಿ ಬರುತ್ತದೆ" ಎಂದು ಬಯಾಲಜಿ ಕ್ಲಾಸಿನಲ್ಲಿ ಹೇಳುತ್ತಾರೆ, ಪಕ್ಕದ ಕ್ಲಾಸಿನಲ್ಲಿ "ಬಂಧ ಮುರಿಯಲು ಶಕ್ತಿ ಕೊಡಬೇಕು" ಎನ್ನುತ್ತಾರೆ. ಮಕ್ಕಳು ಎರಡನ್ನೂ ಬರೆದುಕೊಂಡು ಗೊಂದಲದಲ್ಲಿ ಇರುತ್ತಾರೆ. ಕೆಮಿಸ್ಟ್ರಿ ಹೇಳುವುದೇ ಸರಿ, ಯಾವ ಬಂಧ ಮುರಿಯಬೇಕಾದರೂ ಶಕ್ತಿ ಬೇಕು. ಎಟಿಪಿಯಲ್ಲಿ ಮೂರು ಫಾಸ್ಫೇಟ್‌ಗಳು ಮೈನಸ್ ಚಾರ್ಜ್ ಹೊತ್ತು ಒತ್ತೊತ್ತಾಗಿ ನಿಂತಿವೆ. ನೀರಿನ ಜೊತೆ ಸೇರಿ ಒಂದು ಹೊರಗೆ ಬಂದಾಗ ಉಂಟಾಗುವ ಎಡಿಪಿ ಮತ್ತು ಫಾಸ್ಫೇಟ್ ಹೆಚ್ಚು ನೆಮ್ಮದಿಯ ಸ್ಥಿತಿಯಲ್ಲಿರುತ್ತವೆ. ಕೊಟ್ಟದ್ದಕ್ಕಿಂತ ಸಿಕ್ಕಿದ್ದು ಜಾಸ್ತಿ, ಮೋಲ್‌ಗೆ ಸುಮಾರು 30 ಕಿಲೋಜೂಲ್ ಉಳಿತಾಯ. ಆ ಉಳಿತಾಯದಲ್ಲಿ ಕೋಶ ಕೆಲಸ ಮಾಡಿಸಿಕೊಳ್ಳುತ್ತದೆ.

ಕಿಣ್ವಕ್ಕೆ ಅಡುಗೆಮನೆಯ ಬಾಳೆಕಾಯಿ ಸಾಕು. ಹೆಚ್ಚಿಟ್ಟರೆ ಕಪ್ಪಾಗುತ್ತದೆ, ಮಜ್ಜಿಗೆ ನೀರಿಗೆ ಹಾಕಿದರೆ ಅಷ್ಟು ಆಗುವುದಿಲ್ಲ. ಕಪ್ಪು ಮಾಡುವುದು ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ, ಅದಕ್ಕೆ ಗಾಳಿಯ ಆಕ್ಸಿಜನ್ ಬೇಕು, ಹುಳಿ ಅದಕ್ಕೆ ಹಿಡಿಸುವುದಿಲ್ಲ. ಹುಳಿಯ ಪ್ರೋಟಾನುಗಳು ಕಿಣ್ವದ ಗುಂಪುಗಳ ಚಾರ್ಜ್ ಬದಲಿಸಿದರೆ ಅದು ಮೊದಲಿನ ಹಾಗೆ ಕೆಲಸ ಮಾಡಲಾರದು. ಕಿಣ್ವ ಕ್ರಿಯೆಯನ್ನು ಬೇಗ ಮಾಡಿಸುತ್ತದೆ, ಕೊನೆಗೆ ಎಷ್ಟು ಆಗಬೇಕು ಎನ್ನುವುದನ್ನು ಬದಲಿಸುವುದಿಲ್ಲ. ಇಷ್ಟು ನೆನಪಿದ್ದರೆ ಆ ಅಧ್ಯಾಯದ ಗ್ರಾಫುಗಳು ತಾನಾಗಿ ಅರ್ಥವಾಗುತ್ತವೆ.

ಓದುವ ಕ್ರಮ ನಾನು ಹೀಗೆ ಇಡುತ್ತೇನೆ. ಮೊದಲ ವಾರ ನೀರು ಮತ್ತು ಬಂಧ, ಎರಡನೇ ವಾರ ಮೋಲ್ ಮತ್ತು ಆಸ್ಮೋಸಿಸ್, ಪಿಎಚ್‌ಗೆ ಎರಡು ವಾರ, ಆಮೇಲೆ ರೆಡಾಕ್ಸ್. ಕ್ವಾಂಟಂ ಸಂಖ್ಯೆಗಳನ್ನು ಪರೀಕ್ಷೆಗೆ ಓದಿ, ಬಯಾಲಜಿಗೆಂದು ಕಾಯಬೇಡಿ. ಪ್ರತಿ ದಿನ ಒಂದು ಅಣುವನ್ನು ಪುಸ್ತಕ ಮುಚ್ಚಿ ಕೈಯಿಂದ ಬರೆಯಿರಿ, ಆಕ್ಸಿಜನ್ ಮತ್ತು ನೈಟ್ರೋಜನ್ ಇರುವಲ್ಲಿ ಕೆಂಪು ಪೆನ್ನಿನಲ್ಲಿ ಮೈನಸ್ ಹಾಕಿ, ಅದು ನೀರಿಗೆ ಸೇರುತ್ತದಾ ಕೊಬ್ಬಿಗೆ ಸೇರುತ್ತದಾ ಎಂದು ಕೆಳಗೆ ಒಂದು ಸಾಲು ಬರೆಯಿರಿ. ಇವತ್ತು ಅಲನಿನ್ ಎಂಬ ಅಮೈನೋ ಆಮ್ಲದಿಂದ ಶುರು ಮಾಡಿ. ಅದನ್ನು ಮೂರು ಸಲ ಬರೆಯಿರಿ, ಪಿಎಚ್ 1ರಲ್ಲಿ, 7ರಲ್ಲಿ, 13ರಲ್ಲಿ. ಪ್ರೋಟಾನ್ ಎಲ್ಲಿದೆ, ಎಲ್ಲಿಲ್ಲ ಎಂದು ಪ್ರತಿ ಚಿತ್ರದಲ್ಲೂ ಗುರುತು ಹಾಕಿ. ತಪ್ಪಾದರೆ ಮೀನು ತೊಳೆದ ಹುಣಸೆ ನೀರನ್ನು ನೆನಪು ಮಾಡಿಕೊಂಡು ಮತ್ತೊಮ್ಮೆ ಬರೆಯಿರಿ.